ತಣ್ಣಗಾಗುವ ಎರಡು ಸೆಕೆಂಡ್

ಪೀಣ್ಯ ಎರಡನೇ ಹಂತದಲ್ಲಿ ಭಾನುವಾರದ ಸದ್ದೇ ಬೇರೆ. ವಾರವೆಲ್ಲ ನೆಲ ಅದುರಿಸುವ ಪವರ್ ಪ್ರೆಸ್‌ಗಳು ಸುಮ್ಮನಿರುತ್ತವೆ. ತುಮಕೂರು ರಸ್ತೆಯ ಮೇಲೆ ಮೆಟ್ರೋ ಹಾದುಹೋಗುವುದು ಒಳರಸ್ತೆಗಳಿಗೂ ಕೇಳಿಸುತ್ತದೆ. ಅಂಥ ಒಂದು ಬೆಳಿಗ್ಗೆ, ಸ್ಪ್ರಿಂಗ್ ಸುತ್ತುವ ಸಣ್ಣ ಶೆಡ್ಡೊಂದರಲ್ಲಿ ಶಟರ್ ಅರ್ಧ ಎತ್ತಿಕೊಂಡು ಇಬ್ಬರು ಕೂತಿದ್ದರು. ಒಬ್ಬರು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಈ ಶೆಡ್ಡು ಹಾಕಿಕೊಂಡವರು. ಇನ್ನೊಬ್ಬಳು ಅವರ ತಮ್ಮನ ಮಗಳು, ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿರುವವಳು. ಬೆಂಚಿನ ಮೇಲೆ ಹಳೆಯ ಬನಿಯನ್ ಬಟ್ಟೆ ಹಾಸಿತ್ತು, ಅದರ ಮೇಲೆ ಒಂದು ಎಳೆ ತಂತಿ.

— ಇದನ್ನ ಹುಡುಕೋಕೆ ಕನ್ನಡಕ ಬೇಕಲ್ಲಮ್ಮ. ಯಾರದೋ ತಲೆಗೂದಲು ಅಂತ ಊದಿಬಿಡ್ತಿದ್ದೆ.

— ಊದಬೇಡಿ ದೊಡ್ಡಪ್ಪ! ಮೂರು ವಾರ ಕಾದು ತರಿಸಿದ್ದು. 150 ಮೈಕ್ರಾನ್.

— ಪಾಯಿಂಟ್ ಒನ್ ಫೈವ್ ಅನ್ನು, ಕೈಗೆ ಅರ್ಥ ಆಗುತ್ತೆ. ಏನು ಮಾಡುತ್ತೆ ಇದು?

— ಒಂದು ತುಂಡು ಉಳಿದಿದೆ, ತೋರಿಸ್ತೀನಿ. ನೀವೇ ಹೇಗೆ ಬೇಕೋ ಹಾಗೆ ಬಗ್ಗಿಸಿ.

— ಮೆತ್ತಗಿದೆಯಲ್ಲ, ಪುಟಿಯೋದೇ ಇಲ್ಲ. ತಾಮ್ರದ ಥರ ಬಗ್ಗಿದ ಕಡೆಗೇ ನಿಲ್ಲುತ್ತೆ. ತಗೋ, ಜಿಲೇಬಿ ಮಾಡಿದೀನಿ.

— ಆ ಗಣಪತಿ ಫೋಟೋ ಪಕ್ಕದ ಬೆಂಕಿಪೊಟ್ಟಣ ಕೊಡಿ. ಕಡ್ಡಿ ಗೀರಿ ಹತ್ತಿರ ಹಿಡೀತೀನಿ, ಮುಟ್ಟಿಸಲ್ಲ. ನೋಡ್ತಾ ಇರಿ.

— ಅಯ್ಯೋ! ಎದ್ದು ನೆಟ್ಟಗಾಯ್ತಲ್ಲೇ! ಇನ್ನೊಂದ್ಸಲ ಮಾಡು.

ಇನ್ನೊಂದು ಸಲ, ಮತ್ತೊಂದು ಸಲ ಆಯಿತು. ಐದನೇ ಕಡ್ಡಿಯನ್ನು ದೊಡ್ಡಪ್ಪನೇ ಗೀರಿದರು. ನಲವತ್ತು ವರ್ಷ ತಂತಿಯ ಜೊತೆ ಬಾಳಿದ ಮನುಷ್ಯ, ತಂತಿ ಹೀಗೂ ಮಾಡಬಹುದು ಎಂದು ಮೊದಲ ಸಲ ಕಾಣುವಾಗ ಮುಖದಲ್ಲಿ ಮೂಡುವ ಬೆಳಕು ಇದೆಯಲ್ಲ, ಅದಕ್ಕಾಗಿಯೇ ಈ ಮಾತುಕತೆಯನ್ನು ಬರೆದಿಡಬೇಕು ಅನ್ನಿಸಿತು.

— ಇದರ ಹೆಸರು ನಿಟಿನಾಲ್. ನಿಕಲ್ಲು, ಟೈಟೇನಿಯಂ ಎರಡೂ ಸೇರಿದ್ದು. ಪರಮಾಣುಗಳ ಲೆಕ್ಕದಲ್ಲಿ ಹೆಚ್ಚುಕಮ್ಮಿ ಅರ್ಧರ್ಧ. ಕೊನೆಯ ‘ನಾಲ್’ ಅನ್ನೋದು ಅಮೆರಿಕದ ನೌಕಾಪಡೆಯ ನೇವಲ್ ಆರ್ಡ್ನೆನ್ಸ್ ಲ್ಯಾಬೊರೇಟರಿಯ ಮೊದಲಕ್ಷರಗಳು. ಅಲ್ಲಿ ವಿಲಿಯಂ ಬ್ಯೂಲರ್ ಅಂತ ಒಬ್ಬರು 1959ರಲ್ಲಿ ಕ್ಷಿಪಣಿಯ ಮೂತಿಗೆ ಶಾಖ ತಡೆಯೋ ಲೋಹ ಹುಡುಕ್ತಾ ಇದ್ದರು. ಇದನ್ನ ಕರಗಿಸಿ ಸರಳು ಎರಕ ಹೊಯ್ದರು. ತಣ್ಣಗಾದ ಸರಳನ್ನ ಕಾಂಕ್ರೀಟ್ ನೆಲಕ್ಕೆ ಬೀಳಿಸಿದರೆ ಸೀಸದ ಥರ ದಪ್ ಅಂತು. ಇನ್ನೂ ಬಿಸಿ ಇದ್ದ ಸರಳು ಗಂಟೆ ಥರ ಠಣ್ ಅಂತು.

— ಹಾಗಾದ್ರೆ ಒಂದರಲ್ಲಿ ಬಿರುಕು ಇರಬೇಕು ಅಂದ್ಕೊಂಡಿರ್ತಾರೆ. ನಾವು ಗ್ರೈಂಡಿಂಗ್ ವೀಲ್ ಮೆಷಿನ್ನಿಗೆ ಕೂರಿಸೋ ಮುಂಚೆ ಹಾಗೇ ತಾನೇ ನೋಡೋದು. ದಾರದಲ್ಲಿ ತೂಗಿಹಾಕಿ ಮರದ ಹಿಡಿಯಿಂದ ತಟ್ಟಬೇಕು. ಠಣ್ ಅಂದ್ರೆ ಸರಿ, ದಪ್ ಅಂದ್ರೆ ಕಸದ ಬುಟ್ಟಿಗೆ.

— ಅವರೂ ಅದನ್ನೇ ಅನುಮಾನಿಸಿದರು. ಆದ್ರೆ ಠಣ್ ಅಂದ ಸರಳನ್ನ ನೀರಲ್ಲಿ ತಣ್ಣಗೆ ಮಾಡಿದರೆ ಅದೂ ದಪ್ ಅಂತು. ತಿರುಗಿ ಬಿಸಿ ಮಾಡಿದರೆ ಮತ್ತೆ ಠಣ್.

— ಅಂದ್ರೆ ಬಿರುಕಲ್ಲ, ಹದವೇ ಬದಲಾಗ್ತಾ ಇದೆ.

— ಅಷ್ಟೇ ದೊಡ್ಡಪ್ಪ, ಅದೇ. ಎರಡು ವರ್ಷ ಆದ್ಮೇಲೆ, 1961ರಲ್ಲಿ, ಒಂದು ಮೀಟಿಂಗಿನಲ್ಲಿ ಹಾರ್ಮೋನಿಯಂ ತಿದಿ ಥರ ಮಡಚಿದ ಒಂದು ಪಟ್ಟಿಯನ್ನ ಕೈಯಿಂದ ಕೈಗೆ ಕೊಟ್ಟು ತೋರಿಸ್ತಾ ಇದ್ದರಂತೆ, ಎಷ್ಟು ಸಲ ಬಗ್ಗಿಸಿದರೂ ಮುರಿಯಲ್ಲ ಅಂತ. ಡೇವಿಡ್ ಮಝಿ ಅನ್ನೋ ಹಿರಿಯ ಅಧಿಕಾರಿ ತಮ್ಮ ಪೈಪ್ ಹಚ್ಚೋ ಲೈಟರನ್ನ ಅದಕ್ಕೆ ಹಿಡಿದರು. ಮಡಿಕೆಯೆಲ್ಲ ಬಿಚ್ಚಿಕೊಂಡು ಪಟ್ಟಿ ನೆಟ್ಟಗಾಯ್ತು. ನೀವು ಈಗ ಕಡ್ಡಿ ಗೀರಿ ನೋಡಿದ್ದು ಅದನ್ನೇ.

— ಆದ್ರೆ ಯಾಕೆ? ಅದನ್ನ ಹೇಳು. ನಮ್ಮ ಪಕ್ಕದ ಶೆಡ್ಡಿನ ಹೀಟ್ ಟ್ರೀಟ್‌ಮೆಂಟ್‌ನೋರು ಉಕ್ಕನ್ನ ಕೆಂಪಗೆ ಕಾಯಿಸಿ ಎಣ್ಣೇಲಿ ಅದ್ದಿದರೆ ಗಟ್ಟಿಯಾಗುತ್ತೆ. ಅದು ಮಾರ್ಟೆನ್ಸೈಟ್ ಆಯ್ತು ಅಂತಾರೆ. ಆಮೇಲೆ ಹದ ಹಾಕಬೇಕು, ಇಲ್ಲಾಂದ್ರೆ ಗಾಜಿನ ಥರ ಒಡೀತದೆ. ಅದೂ ಶಾಖದ ಆಟವೇ. ಆದ್ರೆ ಉಕ್ಕು ತಿರುಗಿ ಬರಲ್ಲ.

— ಇದರಲ್ಲೂ ಅದೇ ಮಾರ್ಟೆನ್ಸೈಟ್. ಹೆಸರು ಒಂದೇ, ಗುಣ ಬೇರೆ. ಉಕ್ಕಿನದು ಗಟ್ಟಿ, ಇದರದು ಮೆತ್ತಗೆ. ಆ ಬೆಂಕಿಪೊಟ್ಟಣದ ಒಳಗಿನ ತಟ್ಟೆ ತೆಗೆದು ಬರೀ ಹೊರಗಿನ ಕವಚ ಹಿಡ್ಕೊಳ್ಳಿ. ನೆಟ್ಟಗೆ ನಿಲ್ಲಿಸಿದರೆ ಚೌಕ. ಮೇಲಿನಿಂದ ಪಕ್ಕಕ್ಕೆ ಒತ್ತಿದರೆ ಎಡಕ್ಕೆ ವಾಲುತ್ತೆ, ಇಲ್ಲಾ ಬಲಕ್ಕೆ. ಹರಿಯಲ್ಲ, ಅಲ್ವಾ? ಈಗ ಇಂಥ ನೂರು ಕವಚ ಒಂದರ ಮೇಲೊಂದು ಅಂಟಿಸಿದೀವಿ ಅಂದ್ಕೊಳ್ಳಿ. ತಣ್ಣಗಿದ್ದಾಗ ಒಂದು ಸಾಲು ಎಡಕ್ಕೆ, ಒಂದು ಸಾಲು ಬಲಕ್ಕೆ ವಾಲಿರುತ್ತೆ. ಒಟ್ಟು ನೋಡಿದರೆ ಕಂಬ ನೆಟ್ಟಗೇ ಇದೆ. ನೀವು ಎಳೆದರೆ ಎಲ್ಲವೂ ಒಂದೇ ಕಡೆಗೆ ವಾಲ್ತವೆ, ಆಕಾರ ಬದಲಾಗುತ್ತೆ. ಆದ್ರೆ ಒಂದು ಕವಚವೂ ಪಕ್ಕದ ಕವಚದ ಕೈ ಬಿಟ್ಟಿಲ್ಲ. ಬಿಸಿ ಮಾಡಿದಾಗ ಎಲ್ಲವೂ ಚೌಕ ಆಗ್ಲೇಬೇಕು. ವಾಲೋಕೆ ಹಲವು ದಾರಿ ಇವೆ, ಚೌಕ ಆಗೋಕೆ ಒಂದೇ.

— ಮಾಮೂಲಿ ತಂತಿ ಬಗ್ಗಿಸಿದರೆ?

— ಅಲ್ಲಿ ಕವಚಗಳು ಒಂದರ ಮೇಲೊಂದು ಜಾರಿಬಿಡ್ತವೆ. ಹಳೇ ನೆರೆಯೋರು ತಪ್ಪಿಹೋದ್ರು. ಎಷ್ಟೇ ಕಾಯಿಸಿದರೂ ಯಾರ ಪಕ್ಕ ಯಾರಿದ್ದರು ಅನ್ನೋದು ಗೊತ್ತಾಗಲ್ಲ.

— ನೆರೆಯೋರು ತಪ್ಪಬಾರದು. ಸರಿ, ಮನಸ್ಸಿಗೆ ಹಿಡೀತು. ಆದ್ರೆ ನಂಗೆ ಒಂದು ವಿಷಯ ವಿಚಿತ್ರ ಅನ್ನಿಸ್ತಾ ಇದೆ. ಹೇಳಲಾ?

— ಹೇಳಿ.

— ನಾನು ಇಡೀ ಜೀವನ ಶಾಖದ ಜೊತೆ ಜಗಳ ಆಡಿದೋನು. ವಾಚಿನೊಳಗೆ ಹೇರ್‌ಸ್ಪ್ರಿಂಗ್ ಅಂತ ಇರುತ್ತೆ, ಬ್ಯಾಲೆನ್ಸ್ ಚಕ್ರವನ್ನ ಹಿಂದಕ್ಕೆ ಮುಂದಕ್ಕೆ ಆಡಿಸೋದು ಅದೇ. ಬರೀ ಉಕ್ಕಿನದಾದ್ರೆ ಬಿಸಿಲಿಗೆ ಅದರ ಬಿಗಿ ಕಮ್ಮಿ ಆಗುತ್ತೆ, ವಾಚು ಹಿಂದೆ ಬೀಳುತ್ತೆ. ಒಂದು ಡಿಗ್ರಿ ಹೆಚ್ಚಾದ್ರೆ ದಿನಕ್ಕೆ ಸುಮಾರು 11 ಸೆಕೆಂಡ್. ಇನ್ನು ಬೆಂಗಳೂರಲ್ಲಿ ಸರಿ ಮಾಡಿಕೊಟ್ಟ ವಾಚನ್ನ ಕಲಬುರಗಿಯ ಮೇ ತಿಂಗಳಲ್ಲಿ ಕಟ್ಟಿಕೊಂಡೋರ ಗತಿ ಏನು? ಅದಕ್ಕೇ ಗಿಯೋಮ್ ಅನ್ನೋ ಸ್ವಿಸ್ ವಿಜ್ಞಾನಿ ನಿಕಲ್ಲು ಸೇರಿಸಿ, ಶಾಖಕ್ಕೆ ಬಿಗಿ ಬದಲಾಗದ ಉಕ್ಕು ಮಾಡಿದರು. ಎಲಿನ್ವಾರ್ ಅಂತ. 1920ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಕಸುಬಿನೋರು ಆ ಹೆಸರಿಗೆ ಕೈ ಮುಗೀತಾರೆ. ಅಲ್ಲೂ ನಿಕಲ್ಲು, ನಿನ್ನ ತಂತೀಲೂ ನಿಕಲ್ಲು. ಅಲ್ಲಿ ಶಾಖ ತಾಕಿದ್ರೂ ತಾಕಿಲ್ಲ ಅನ್ನೋ ಹಾಗಿರಬೇಕು. ಇಲ್ಲಿ ಶಾಖ ತಾಕಿದ ಕೂಡಲೇ ಎದ್ದು ಕೂರಬೇಕು!

— ಇದನ್ನ ಕಾಲೇಜಿನಲ್ಲಿ ಯಾರೂ ನಂಗೆ ಹೇಳಿರಲಿಲ್ಲ.

— ಹೇಳೋಕೆ ವಾಚು ಬಿಚ್ಚಿರಬೇಕು. ಇರಲಿ. ನೀನು ಇದರಲ್ಲಿ ಹುಳ ಮಾಡ್ತೀನಿ ಅಂದೆಯಲ್ಲ, ಯಾವ ಹುಳ?

— ಗಿಡದ ಮೇಲೆ ಗೇಣು ಹಾಕ್ತಾ ಹೋಗುತ್ತಲ್ಲ, ಆ ಹಸಿರು ಹುಳ. ಮೋಟಾರು ಇಲ್ಲ, ಗಿಯರ್ ಇಲ್ಲ. ಎರಡು ತುಂಡು, ಮಧ್ಯೆ ಈ ತಂತಿ. ಕರೆಂಟ್ ಹರಿಸಿದರೆ ತಂತಿ ಬಿಸಿಯಾಗಿ ಕುಗ್ಗುತ್ತೆ, ಹಿಂದಿನ ತುಂಡು ಮುಂದಕ್ಕೆ ಬರುತ್ತೆ. ಕರೆಂಟ್ ನಿಲ್ಲಿಸಿದರೆ ಉದ್ದ ಆಗುತ್ತೆ, ಮುಂದಿನ ತುಂಡು ಮುಂದಕ್ಕೆ ಹೋಗುತ್ತೆ. ಇಂಥದನ್ನ ಹುಡುಗರ ಕೈಗೆ ಎಟುಕೋ ಹಾಗೆ ಮಾಡಿದ್ದು ಜೊನಾಥನ್ ಮಿಲ್ಸ್ ಅಂತ, ಇಂಡಿಯಾನಾ ವಿಶ್ವವಿದ್ಯಾಲಯದೋರು, 1992ರಲ್ಲಿ. ಸ್ಟಿಕ್ವಿಟೊ ಅಂತ ಹೆಸರು. ಆರು ಕಾಲಿನ ಕೀಟ. ಕಾಲುಗಳಿಗೆ ಮ್ಯೂಸಿಕ್ ವೈರು, ಎಳೆಯೋಕೆ ನಿಟಿನಾಲ್. ನಿಮಿಷಕ್ಕೆ ಹೆಚ್ಚೆಂದ್ರೆ 10 ಸೆಂಟಿಮೀಟರ್ ನಡೀತಿತ್ತು.

— ಮ್ಯೂಸಿಕ್ ವೈರಾ? ಅದು ನಮ್ಮ ಅನ್ನ ಕಣಮ್ಮ! ಆ ರ‍್ಯಾಕ್ ತುಂಬ ಇರೋದು ಅದೇ. ಮತ್ತೆ ಇಲ್ಲೀತನಕ ಏನೇನು ಮಾಡಿದೀಯ?

— ಎರಡು ತಂತಿ ಹಾಳು ಮಾಡಿದೀನಿ. ಮೊದಲನೇದಕ್ಕೆ ಬೆಸುಗೆ ಹಾಕೋಕೆ ಹೋದೆ. ಸೀಸ ಅದರ ಮೈಗೆ ಹತ್ತಲ್ಲ, ಮಳೆನೀರು ಕೆಸುವಿನೆಲೆ ಮೇಲೆ ಉರುಳಿದ ಹಾಗೆ ಉರುಳಿಹೋಯ್ತು. ಹತ್ತಲಿ ಅಂತ ಇನ್ನೂ ಕಾಯಿಸಿದೆ, ಆ ತುದಿಯ ನೆನಪೇ ಹೋಯ್ತು.

— ಹೋಗದೆ? ಹದ ಕೊಟ್ಟಿರೋ ತಂತಿಗೆ ಮತ್ತೆ ಬೆಂಕಿ ತೋರಿಸಿದರೆ ಉಳಿಯುತ್ತಾ?

— ಇದಕ್ಕೆ ಆಕಾರ ಕಲಿಸೋದೂ ಕುಲುಮೆಯಲ್ಲೇ ಅಂತೆ. ಬೇಕಾದ ಆಕಾರಕ್ಕೆ ಕಟ್ಟಿಹಾಕಿ, ಸುಮಾರು 500 ಡಿಗ್ರಿಯಲ್ಲಿ ಕೆಲವು ನಿಮಿಷ ಇಟ್ಟು ನೀರಿಗೆ ಹಾಕೋದು. ನನ್ನ ಬೆಸುಗೆ ಕಡ್ಡಿ ಅದನ್ನ ಮರೆಸಿಬಿಡ್ತು. ಎರಡನೇದಕ್ಕೆ 12 ವೋಲ್ಟ್ ಅಡಾಪ್ಟರ್ ಕೊಟ್ಟೆ. ಒಂದು ಸಲ ಚೆನ್ನಾಗಿ ಎಳೀತು, ಆಮೇಲೆ ಸತ್ತುಹೋಯ್ತು.

— ಅಳಬೇಡ. ಎರಡು ತಂತಿ ಏನು ಮಹಾ? ನಾನು ಕಲಿಯೋವಾಗ ಎಷ್ಟು ಹೇರ್‌ಸ್ಪ್ರಿಂಗ್ ಗಂಟು ಮಾಡಿದೀನಿ ಅಂತ ಲೆಕ್ಕ ಇಟ್ಟಿಲ್ಲ. ಮೊದಲು ತುದಿ ಹಿಡಿಯೋ ಮಾತು ಮುಗಿಸೋಣ. ಹೇರ್‌ಸ್ಪ್ರಿಂಗಿನ ಹೊರತುದಿಯನ್ನ ನಾವು ಹೇಗೆ ಹಿಡೀತಿದ್ವಿ ಗೊತ್ತಾ? ಸ್ಟಡ್ ಅಂತ ಒಂದು ಸಣ್ಣ ಗೂಟ. ಅದಕ್ಕೆ ತೂತು. ತೂತಿನೊಳಗೆ ಸ್ಪ್ರಿಂಗಿನ ತುದಿ, ಅದರ ಪಕ್ಕದಲ್ಲಿ ಒಂದು ಹಿತ್ತಾಳೆಯ ಟೇಪರ್ ಪಿನ್ನು ಒತ್ತಿ ಕೂರಿಸೋದು. ಬೆಸುಗೆ ಇಲ್ಲ, ಬೆಂಕಿ ಇಲ್ಲ. ಬೇಕಾದ್ರೆ ಬಿಚ್ಚಿ ಮತ್ತೆ ಹಾಕಬಹುದು. ನಿನ್ನ ತಂತಿಗೂ ಅದನ್ನೇ ಮಾಡೋಣ.

— ಕ್ರಿಂಪ್ ಮಾಡಿ ಅಂತ ಎಲ್ಲರೂ ಹೇಳ್ತಾರೆ. ಇದು ಅದಕ್ಕಿಂತ ಚೆನ್ನಾಗಿದೆ, ಪಿನ್ನಿಗೇ ಕರೆಂಟಿನ ವೈರು ಸುತ್ತಬಹುದು. ಆದ್ರೆ ಎರಡು ಪಿನ್ನು ಒಂದಕ್ಕೊಂದು ತಾಕಬಾರದು. ತುಂಡನ್ನ ಅಕ್ರಿಲಿಕ್‌ನಲ್ಲಿ ಮಾಡಲಾ?

— ಅಕ್ರಿಲಿಕ್ ಬೇಡ, ನಿನ್ನ ತಂತಿ ಕಾಯೋ ಕಾವಿಗೆ ಅದು ಮೆತ್ತಗಾಗುತ್ತೆ. ಹೈಲಮ್ ಶೀಟಿನ ಚೂರು ಇದೆ, ಅದು ಕರೆಂಟೂ ತಡಿಯುತ್ತೆ, ಕಾವೂ ತಡಿಯುತ್ತೆ. ಇನ್ನು ಎರಡನೇದು. ಎಷ್ಟು ಕರೆಂಟ್ ಬೇಕು ಇದಕ್ಕೆ?

— ಈ ದಪ್ಪಕ್ಕೆ ಒಂದು ಮೀಟರಿಗೆ 55 ಓಮ್. ಒಂದು ಸೆಕೆಂಡಲ್ಲಿ ಕುಗ್ಗಬೇಕು ಅಂದ್ರೆ 410 ಮಿಲಿ ಆಂಪಿಯರ್. ಹುಳದ ಉದ್ದ 10 ಸೆಂಟಿಮೀಟರ್, ಅಂದ್ರೆ ಐದೂವರೆ ಓಮ್. ಅದಕ್ಕೆ 12 ವೋಲ್ಟ್ ಕೊಟ್ಟೆ.

— ಎರಡು ಆಂಪಿಯರ್ ಮೇಲೆ! ಸಾಯದೆ ಏನು ಮಾಡುತ್ತೆ.

— ಒಂದೇ ಲಿಥಿಯಂ ಸೆಲ್ ಹಾಕಿದರೂ ಹೆಚ್ಚೇ. ಅದಕ್ಕೆ ಹೊಸ ಯೋಚನೆ ಮಾಡಿದೀನಿ. ತಂತಿ 20 ಸೆಂಟಿಮೀಟರ್ ತಗೊಂಡು, ಮುಂದಿನ ತುಂಡಿಂದ ಹೊರಟು, ಹಿಂದಿನ ತುಂಡನ್ನ ಬಳಸಿ ತಿರುಗಿ ಮುಂದಕ್ಕೇ ಬರೋದು. ಕರೆಂಟಿಗೆ ಉದ್ದ ಎರಡರಷ್ಟು, 11 ಓಮ್. ಮೂರು ಚಿಲ್ಲರೆ ವೋಲ್ಟಿನ ಸೆಲ್ಲಿಗೆ ಮೂರನೇ ಒಂದು ಆಂಪಿಯರ್ ಹರಿಯುತ್ತೆ. ಒಂದೂವರೆ ಸೆಕೆಂಡ್ ಒತ್ತಿ ಹಿಡಿದರೆ ಸಾಕು, ಸುಡಲ್ಲ. ಆದ್ರೆ ಎಳೆಯೋಕೆ ಎರಡು ಎಳೆ. ಒಂದು ಎಳೆ 320 ಗ್ರಾಂ ಎಳೆದರೆ ಎರಡಕ್ಕೆ 640. ಎರಡು ಪಿನ್ನೂ ಮುಂದೇನೇ ಇರ್ತವೆ, ಹಿಂದಕ್ಕೆ ವೈರು ಎಳೆಯೋ ಗೋಜಿಲ್ಲ.

— ಭೇಷ್. ಬಾವಿ ರಾಟೆಗೆ ಹಗ್ಗ ಹಾಕಿದ ಹಾಗೆ. ತೂಕ ಎಷ್ಟು ತಂತಿದು?

— 23 ಮಿಲಿಗ್ರಾಂ. ಒಂದು ಅಕ್ಕಿಕಾಳಿನ ಆಸುಪಾಸು.

— ಅಕ್ಕಿಕಾಳು ಅರ್ಧ ಕಿಲೋ ಮೇಲೆ ಎಳೆಯುತ್ತೆ ಅಂತೀಯ!

— ಎಳೆಯುತ್ತೆ. ಅದಕ್ಕೇ ಇದರ ಮೇಲೆ ಇಷ್ಟು ಆಸೆ. ನಾಸಾದವರು 1997ರಲ್ಲಿ ಮಂಗಳದ ಮೇಲೆ ಸೋಜರ್ನರ್ ಗಾಡಿ ಇಳಿಸಿದಾಗ, ಸೌರಕೋಶದ ಮೇಲೆ ಎಷ್ಟು ಧೂಳು ಕೂರುತ್ತೆ ಅಂತ ನೋಡೋಕೆ ಒಂದು ಗಾಜಿನ ಮುಚ್ಚಳ ಇಟ್ಟಿದ್ದರು. ಆ ಮುಚ್ಚಳವನ್ನ ಸರಿಸ್ತಿದ್ದದ್ದು ಇಂಥದೇ ತಂತಿ. ನಮ್ಮ ಬೆಂಗಳೂರಿನ ಎನ್‌ಎಎಲ್‌ನಲ್ಲೂ ಈ ಲೋಹದ ಮೇಲೆ ವರ್ಷಗಟ್ಟಲೆ ಕೆಲಸ ಆಗಿದೆ. ಅಷ್ಟು ದೂರ ಯಾಕೆ, ನಾನು ಒಂಬತ್ತನೇ ಕ್ಲಾಸಲ್ಲಿ ಹಲ್ಲಿಗೆ ಹಾಕಿಸಿಕೊಂಡಿದ್ದ ತಂತಿ ನೆನಪಿದೆಯಾ? ಅದೂ ನಿಟಿನಾಲೇ. ಅದರ ಹದ ಬೇರೆ, ಬಾಯಿಯ ಬಿಸಿಯಲ್ಲೇ ಅದು ಚೌಕ ಆಗಿರುತ್ತೆ. ಅದಕ್ಕೇ ಎಷ್ಟು ಬಗ್ಗಿಸಿದರೂ ನಿಧಾನಕ್ಕೆ, ಒಂದೇ ಸಮನೆ ಎಳೀತಾ ಇರುತ್ತೆ.

— ನೀನು ರಾತ್ರಿಯೆಲ್ಲ ನೋವು ಅಂತ ಅಳ್ತಿದ್ದದ್ದು ನೆನಪಿದೆ. ಈಗ ನೀನು ಹೇಳದೇ ಬಿಟ್ಟಿರೋ ಮಾತಿಗೆ ಬಾ. ಕರೆಂಟ್ ನಿಲ್ಲಿಸಿದರೆ ಉದ್ದ ಆಗುತ್ತೆ ಅಂದೆ. ತಾನಾಗೇ ಆಗುತ್ತಾ?

— ಅದೇ ತೊಂದರೆ. ಆಗಲ್ಲ. ತಣ್ಣಗಾದ್ರೆ ಮೆತ್ತಗಾಗುತ್ತೆ ಅಷ್ಟೇ. ಯಾರಾದ್ರೂ ಎಳೆದು ಉದ್ದ ಮಾಡಬೇಕು. ನಾನು ರಬ್ಬರ್ ಬ್ಯಾಂಡ್ ಹಾಕಿದ್ದೆ. ಹತ್ತು ಸಲಕ್ಕೆ ಸಡಿಲ ಆಯ್ತು.

— ಇದಕ್ಕೇ ನೀನು ಭಾನುವಾರ ಇಲ್ಲಿಗೆ ಬಂದಿರೋದು, ಹೇಳಬಾರದಾ! ಸ್ಪ್ರಿಂಗ್ ಬೇಕು ಅಂತ ಮೊದಲೇ ಅಂದಿದ್ರೆ ಕಾಫಿಗೆ ಮುಂಚೆ ಸುತ್ತಿಬಿಡ್ತಿದ್ದೆ. ನಿನ್ನ ತಂತಿಯೋರು ಏನು ಹೇಳಿದಾರೆ? ತಣ್ಣಗಿದ್ದಾಗ ಎಷ್ಟು ಗ್ರಾಂ ಎಳೆದರೆ ಉದ್ದ ಆಗುತ್ತೆ?

— ಒಂದು ಎಳೆಗೆ ಸುಮಾರು 130. ಎರಡಕ್ಕೆ 260.

— ಬಿಸಿಯಲ್ಲಿ 640, ತಣ್ಣಗೆ 260. ಇವೆರಡರ ಮಧ್ಯೆ ಸ್ಪ್ರಿಂಗ್ ನಿಲ್ಲಬೇಕು. 260ಕ್ಕಿಂತ ಕಮ್ಮಿ ಆದ್ರೆ ಹುಳ ಕುಗ್ಗಿ ಅಲ್ಲೇ ಕೂತುಬಿಡುತ್ತೆ. ತೀರಾ ಹೆಚ್ಚಾದ್ರೆ ತಂತಿ ಪ್ರತಿ ಸಲ ಏದುಸಿರು ಬಿಡ್ತಾ ಎಳೀಬೇಕು, ಬೇಗ ಸಾಯುತ್ತೆ. 300ಕ್ಕೆ ಇಡೋಣ. ಎಷ್ಟು ದೂರ ಆಡುತ್ತೆ?

— ಉದ್ದದ ನೂರಕ್ಕೆ ನಾಲ್ಕು. ಎಂಟರ ತನಕ ಎಳೆದರೂ ತಿರುಗಿ ಬರುತ್ತೆ, ಆದ್ರೆ ಬಹಳ ದಿನ ಬಾಳಲ್ಲ. ನಾಲ್ಕರಲ್ಲೇ ಇಟ್ಟರೆ ಲಕ್ಷಗಟ್ಟಲೆ ಸಲ ಆಡುತ್ತೆ. 10 ಸೆಂಟಿಮೀಟರಿಗೆ 4 ಮಿಲಿಮೀಟರ್.

— ಇಲ್ಲಿ ಎಲ್ಲರೂ ಒಂದು ತಪ್ಪು ಮಾಡ್ತಾರೆ, ನೀನು ಮಾಡಬೇಡ. ಸಣ್ಣ ಗಟ್ಟಿ ಸ್ಪ್ರಿಂಗ್ ಹಾಕಿದರೆ ಮೊದಲ ಮಿಲಿಮೀಟರಲ್ಲಿ ಜೋರೇ ಇರಲ್ಲ, ನಾಲ್ಕನೇದರಲ್ಲಿ ಬೆಟ್ಟದಷ್ಟು ಆಗುತ್ತೆ. ಉದ್ದದ, ಮೆತ್ತಗಿನ ಸ್ಪ್ರಿಂಗನ್ನ ಮೊದಲೇ ಒತ್ತಿ ಕೂರಿಸಬೇಕು. ಮಿಲಿಮೀಟರಿಗೆ 10 ಗ್ರಾಂ ಬಿಗಿ ಇರೋದನ್ನ 30 ಮಿಲಿಮೀಟರ್ ಒತ್ತಿ ಇಟ್ಟರೆ 300 ಗ್ರಾಂ ಆಯ್ತು. ನಿನ್ನ ಹುಳ 4 ಮಿಲಿಮೀಟರ್ ಕುಗ್ಗಿದಾಗ 340. ತಂತಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಪಾಯಿಂಟ್ ಫೋರ್ ಮ್ಯೂಸಿಕ್ ವೈರು, ಹೊರಗಿಂದ ಹೊರಗೆ 4 ಮಿಲಿಮೀಟರಿಗೆ ಒಂಚೂರು ಕಮ್ಮಿ, 60 ಸುತ್ತು.

— ಲೆಕ್ಕ ಹಾಕದೇ ಹೇಳಿಬಿಟ್ರಾ?

— ಹಾಕಿದೆ. ನೀನು ಮಾತಾಡ್ತಾ ಇದ್ದಾಗ.

ಮುಂದಿನ ಒಂದೂವರೆ ಗಂಟೆ ಹೆಚ್ಚು ಮಾತಿಲ್ಲ. ದೊಡ್ಡಪ್ಪ ಕೈಲೇತಿನಲ್ಲಿ ಮ್ಯಾಂಡ್ರೆಲ್ ಎಂಬ ಸರಳು ಹಿಡಿದು ಅದರ ಮೇಲೆ ಸ್ಪ್ರಿಂಗ್ ಸುತ್ತಿದರು. ಸುತ್ತಿದ ಸ್ಪ್ರಿಂಗ್ ಕೈಬಿಟ್ಟಾಗ ಒಂಚೂರು ಹಿಗ್ಗುತ್ತದೆ, ಅದಕ್ಕೇ ಮ್ಯಾಂಡ್ರೆಲ್ ಬೇಕಾದ ಅಳತೆಗಿಂತ ಸಣ್ಣದಿರಬೇಕು. ಎಷ್ಟು ಸಣ್ಣದು ಎಂಬುದನ್ನು ಪುಸ್ತಕದ ಸೂತ್ರ ಹೇಳುತ್ತದೆ, ಆದರೆ ಈ ಶೆಡ್ಡುಗಳಲ್ಲಿ ಅದನ್ನು ಹೇಳುವುದು ಬೆರಳು. ಅವಳು ಹೈಲಮ್‌ನ ಎರಡು ತುಂಡು ಕೊಯ್ದು, ಅರ ಹಾಕಿ, ತೂತು ಕೊರೆದಳು. ಇಷ್ಟುದ್ದದ ಸ್ಪ್ರಿಂಗ್ ಒತ್ತಿದರೆ ಪಕ್ಕಕ್ಕೆ ಸೊಟ್ಟಗಾಗುತ್ತದೆ ಎಂದು ದೊಡ್ಡಪ್ಪ ಮೂಲೆಯ ಹಳೆಯ ಸೈಕಲ್ಲಿನಿಂದ ಒಂದು ಕಡ್ಡಿ ಬಿಚ್ಚಿ ಅದರೊಳಗೆ ತೂರಿಸಿದರು. ಹಿಂದಿನ ತುಂಡಿನಲ್ಲಿ ತಂತಿ ತಿರುಗುವ ಜಾಗಕ್ಕೆ ದುಂಡನೆಯ ತೋಡು ಕೊರೆದರು. ಚೂಪು ಮೂಲೆಯಲ್ಲಿ ತಂತಿ ತಿರುಗಿದರೆ ಅಲ್ಲೇ ಮುರಿಯುತ್ತದೆ. ಕಾಲುಗಳಿಗೆ ಸ್ಪ್ರಿಂಗ್ ಸ್ಟೀಲಿನ ನಾಲ್ಕು ಸಣ್ಣ ಪಟ್ಟಿ, ನಾಲ್ಕೂ ಹಿಂದಕ್ಕೆ ವಾಲಿದ್ದವು.

— ಕಾಲು ನಾಲ್ಕೂ ಒಂದೇ ಕಡೆ ವಾಲಿದರೆ ಸಾಕಾ?

— ಸಾಕು. ಹಿಂದಕ್ಕೆ ತಳ್ಳಿದರೆ ನೆಲಕ್ಕೆ ಚುಚ್ಚಿಕೊಳ್ತವೆ, ಮುಂದಕ್ಕೆ ಎಳೆದರೆ ಜಾರ್ತವೆ. ತಂತಿ ಕುಗ್ಗುವಾಗ ಮುಂದಿನ ಕಾಲು ಕಚ್ಚಿ ನಿಲ್ಲುತ್ತೆ, ಹಿಂದಿಂದು ಜಾರಿ ಬರುತ್ತೆ. ಸ್ಪ್ರಿಂಗ್ ತಳ್ಳುವಾಗ ಹಿಂದಿನದು ಕಚ್ಚುತ್ತೆ, ಮುಂದಿನದು ಹೋಗುತ್ತೆ. ಎರೆಹುಳಕ್ಕೂ ಮೈತುಂಬ ಇಂಥ ಸಣ್ಣ ಮುಳ್ಳು ಇರ್ತವೆ. ಅದನ್ನ ನೋಡಿ ಎಂಐಟಿ, ಹಾರ್ವರ್ಡ್, ಸೋಲ್ ನ್ಯಾಷನಲ್ ವಿಶ್ವವಿದ್ಯಾಲಯದೋರು ಸೇರಿ 2012ರಲ್ಲಿ ಮೆಶ್‌ವರ್ಮ್ ಅಂತ ಮಾಡಿದರು. ಬಲೆಯಂಥ ಕೊಳವೆ, ಅದರ ಸುತ್ತ ನಿಟಿನಾಲ್. ಸುತ್ತಿಗೆಯಿಂದ ಹೊಡೆದರೂ ಮತ್ತೆ ತೆವಳ್ತಾ ಹೋಗ್ತಿತ್ತು. ಒಳಗೆ ಒಡೆಯೋಕೆ ಗಿಯರ್ ಇಲ್ಲವಲ್ಲ.

— ಸ್ವಿಚ್ ಯಾವುದು?

— ಕಾಲಿಂಗ್ ಬೆಲ್ ಬಟನ್. ಎಸ್‌ಪಿ ರೋಡಿಂದ ಟೈಮರ್ ಬೋರ್ಡ್ ಆಮೇಲೆ ತರ್ತೀನಿ. ಮೊದಲು ಕೈಯಲ್ಲೇ ಒತ್ತಿ ನೋಡ್ಬೇಕು, ಅದರ ಉಸಿರು ಗೊತ್ತಾಗಬೇಕು.

— ಸರಿಯಾಗಿ ಅಂದೆ. ಇಡು, ಸರ್ಫೇಸ್ ಪ್ಲೇಟ್ ಮೇಲೆ ಇಡು. ಪೀಣ್ಯದಲ್ಲಿ ಅದಕ್ಕಿಂತ ಸಮ ಇರೋ ನೆಲ ಸಿಗಲ್ಲ.

ಬಟನ್ ಒತ್ತಿದಳು. ಹುಳ ಕುಗ್ಗಿತು, ಸದ್ದೇ ಇಲ್ಲ. ಬಿಟ್ಟಳು, ಹಿಗ್ಗಿತು. ಮತ್ತೆ ಕುಗ್ಗಿತು, ಮತ್ತೆ ಹಿಗ್ಗಿತು. ಇದ್ದಲ್ಲೇ ಇತ್ತು.

— ಜಾರ್ತಾ ಇದೆ ದೊಡ್ಡಪ್ಪ. ಗ್ರಾನೈಟ್ ಕನ್ನಡಿ ಥರ ಇದೆ, ಕಾಲಿಗೆ ಏನೂ ಸಿಗ್ತಾ ಇಲ್ಲ.

— ತಪ್ಪು ನಂದೇ. ಅಳೆಯೋ ಕಲ್ಲಿನ ಮೇಲೆ ನಡೆಯೋ ಹುಳ ಇಟ್ಟೆ. ತಡಿ, 120 ನಂಬರಿನ ಎಮರಿ ಪೇಪರ್ ಅಂಟಿಸ್ತೀನಿ.

ಎಮರಿ ಹಾಳೆಯ ಮೇಲೆ ಹುಳ ನಡೆಯಿತು. ಒಂದು ಹೆಜ್ಜೆಗೆ ಸುಮಾರು 3 ಮಿಲಿಮೀಟರ್. ಉಳಿದ ಒಂದು ಜಾರುವಿಕೆಯಲ್ಲಿ ಹೋಯಿತು. ಇಬ್ಬರೂ ಬಾಗಿ, ಉಸಿರು ತಾಕದ ಹಾಗೆ ಮುಖ ದೂರ ಹಿಡಿದು ನೋಡಿದರು. ಯಂತ್ರ ನಡೆಯಿತು ಎಂಬುದಕ್ಕಿಂತ ಸದ್ದಿಲ್ಲದೆ ನಡೆಯಿತು ಎಂಬುದೇ ದೊಡ್ಡದು. ಹೊತ್ತು ಹುಟ್ಟಿದರೆ ಸದ್ದಿನಲ್ಲೇ ಬದುಕುವ ಜಾಗ ಇದು. ಇಲ್ಲಿ ಚಲನೆ ಎಂದರೆ ಮೋಟಾರು, ಬೆಲ್ಟು, ಗಿಯರು, ಕಿವಿಗೆ ಹತ್ತಿ. ಈ ಹುಳ ಮಾತ್ರ ಗಿಡದ ಮೇಲಿನ ಹುಳದ ಹಾಗೆಯೇ ತನ್ನಷ್ಟಕ್ಕೆ ಮೈ ಸೆಳೆದುಕೊಂಡಿತು.

— ಬೇಗ ಬೇಗ ಒತ್ತು ನೋಡೋಣ.

— ಒತ್ತಿದರೆ ಆಗಲ್ಲ. ನೋಡಿ, ಈಗ ಒತ್ತಿದೆ, ಹಿಗ್ಗೋದೇ ಇಲ್ಲ. ಒಳಗಿನ ಬಿಸಿ ಹೋಗಿಲ್ಲ. ಒಂದೂವರೆ ಸೆಕೆಂಡ್ ಬಿಸಿ, ಎರಡು ಸೆಕೆಂಡ್ ತಣ್ಣಗೆ. ನಿಮಿಷಕ್ಕೆ 17 ಹೆಜ್ಜೆ, 5 ಸೆಂಟಿಮೀಟರ್. ಬಿಸಿ ಮಾಡೋದನ್ನ ಹೆಚ್ಚು ಕರೆಂಟ್ ಕೊಟ್ಟು ಬೇಗ ಮಾಡಬಹುದು. ತಣ್ಣಗಾಗೋದನ್ನ ಮಾತ್ರ ಕೊಂಡುಕೊಳ್ಳೋಕೆ ಆಗಲ್ಲ.

— ಮುದ್ದೆ ಲೆಕ್ಕ ಕಣೇ ಇದು. ದೊಡ್ಡ ಮುದ್ದೆ ಹೊರಗೆ ಆರಿದ್ರೂ ಒಳಗೆ ಕೈ ಸುಡುತ್ತೆ. ಚಿಕ್ಕ ಚಿಕ್ಕ ತುತ್ತು ಮುರಿದಿಟ್ಟರೆ ಬೇಗ ಆರುತ್ತೆ. ದಪ್ಪ ತಂತಿ ಒಂದರ ಬದಲು ಸಣ್ಣದು ನಾಲ್ಕು ಹಾಕಬಾರದಾ?

— ಹಾಕಬಹುದು! 100 ಮೈಕ್ರಾನ್ ತಂತಿ ಹೆಚ್ಚುಕಮ್ಮಿ ಅರ್ಧ ಹೊತ್ತಲ್ಲಿ ಆರುತ್ತೆ. ಒಂದು ಎಳೆ 140 ಗ್ರಾಂ ಎಳೆಯುತ್ತೆ. ನಾಲ್ಕು ಎಳೆ ಆದ್ರೆ 560. ನಮ್ಮ ತೋಳಿನ ಮಾಂಸಖಂಡವೂ ಹಾಗೇ ಅಲ್ವಾ, ಒಂದೇ ದಪ್ಪ ಹಗ್ಗ ಅಲ್ಲ, ಸಣ್ಣ ಎಳೆಗಳ ಕಟ್ಟು. ಇನ್ನೊಂದು ಉಪಾಯ ಈಗಾಗಲೇ ಮಾಡಿದೀನಿ. ಇದು 90 ಡಿಗ್ರಿಗೆ ಕುಗ್ಗೋ ತಂತಿ. 70 ಡಿಗ್ರಿದೂ ಸಿಗುತ್ತೆ. 90ರದ್ದು ಬೇಗ ತಿರುಗಿಕೊಳ್ಳುತ್ತೆ, ಯಾಕಂದ್ರೆ...

— ಯಾಕಂದ್ರೆ ಸುತ್ತಲ ಗಾಳಿಗೂ ಅದಕ್ಕೂ ಅಂತರ ಹೆಚ್ಚು. ಕುದಿಯೋ ನೀರು ಮೊದಮೊದಲು ಬೇಗ ಆರುತ್ತೆ, ಉಗುರುಬೆಚ್ಚಗಾದ ಮೇಲೆ ಆರೋದೇ ಇಲ್ಲ. ಬ್ಯಾಟರಿ ಎಷ್ಟು ತಿನ್ನುತ್ತೆ?

— ಬಹಳ. ಅದೇ ಬೇಜಾರು. ಒಂದು ಹೆಜ್ಜೆಗೆ ಸುಮಾರು 1.8 ಜೂಲ್ ಖರ್ಚು. ಸ್ಪ್ರಿಂಗನ್ನ 4 ಮಿಲಿಮೀಟರ್ ಒತ್ತೋ ಕೆಲಸ 0.013 ಜೂಲ್. ನೂರು ಪೈಸೆ ಕೊಟ್ಟರೆ ಒಂದು ಪೈಸೆ ಕೆಲಸವೂ ಇಲ್ಲ. ಮಿಕ್ಕಿದ್ದೆಲ್ಲ ಗಾಳಿ ಬಿಸಿ ಮಾಡೋಕೆ.

— ಇಷ್ಟು ದಂಡ ಆದ್ರೆ ಕಾರ್ಖಾನೆಗೆ ಬರಲ್ಲ ಇದು.

— ಎಲ್ಲ ಕಡೆಗೂ ಬರಬೇಕಾಗಿಲ್ಲ. ಎಲ್ಲಿ ಮೋಟಾರು ಹಿಡಿಸಲ್ವೋ, ಎಲ್ಲಿ ತೂಕ ಇರಬಾರದೋ, ಎಲ್ಲಿ ಸದ್ದು ಮಾಡಬಾರದೋ ಅಲ್ಲಿಗೆ ಇದು. ಸೆಲ್ಲೇ ಇಲ್ಲದ ಹುಳವನ್ನೂ ಮಾಡಿದಾರೆ. 2020ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದೋರು ರೋಬೀಟಲ್ ಅಂತ ಮಾಡಿದರು. 88 ಮಿಲಿಗ್ರಾಂ ತೂಕ. ನಿಟಿನಾಲ್ ಮೇಲೆ ಪ್ಲಾಟಿನಂ ಲೇಪ ಇದೆ, ಮೆಥನಾಲ್ ಆವಿ ಅದಕ್ಕೆ ತಾಕಿದರೆ ಅಲ್ಲೇ ಬಿಸಿ ಹುಟ್ಟುತ್ತೆ. ಮೈ ಕುಗ್ಗಿದಾಗ ಆವಿ ಬರೋ ಕಿಂಡಿ ತಾನೇ ಮುಚ್ಚಿಕೊಳ್ಳುತ್ತೆ, ತಣ್ಣಗಾದಾಗ ತೆರೆದುಕೊಳ್ಳುತ್ತೆ. ಬಟನ್ ಒತ್ತೋರೇ ಬೇಡ.

— ಕಿಂಡಿ ತಾನೇ ಮುಚ್ಚಿ ತೆರೆಯೋದು... ಅದು ನಮ್ಮ ವಾಚಿನ ಎಸ್ಕೇಪ್‌ಮೆಂಟ್ ಕಣಮ್ಮ! ಒಂದು ಹಲ್ಲು ಬಿಡು, ಮುಂದಿನ ಹಲ್ಲು ಹಿಡಿ. ಯಾರೂ ಹೇಳಬೇಕಾಗಿಲ್ಲ, ತಾನಾಗೇ ನಡೆಯುತ್ತೆ. ನಿನ್ನ ಹುಳಕ್ಕೂ ಅದನ್ನೇ ಮಾಡಬಹುದಲ್ಲ?

— ಹೇಗೆ?

— ಟೈಮರ್ ಬೋರ್ಡ್ ಯಾಕೆ ತರ್ತೀಯ? ಹುಳ ಪೂರ್ತಿ ಕುಗ್ಗಿದಾಗ ಹಿಂದಿನ ತುಂಡು ಒಂದು ಹಿತ್ತಾಳೆ ಪಟ್ಟಿಯನ್ನ ತಳ್ಳಲಿ, ಕರೆಂಟ್ ತಪ್ಪಿಹೋಗುತ್ತೆ. ಪೂರ್ತಿ ಹಿಗ್ಗಿದಾಗ ತಿರುಗಿ ಕೂಡಿಸಲಿ. ಪಟ್ಟಿ ಮಧ್ಯದಲ್ಲಿ ನಿಲ್ಲಬಾರದು, ಟಕ್ ಅಂತ ಆ ಕಡೆ ಇಲ್ಲಾ ಈ ಕಡೆ ಬೀಳಬೇಕು. ಉಬ್ಬಿದ ಡಬ್ಬಿ ಮುಚ್ಚಳ ಒತ್ತಿದರೆ ಒಳಕ್ಕೆ ಬೀಳುತ್ತಲ್ಲ, ಹಾಗೆ. ಆಗ ಚಳಿಯಿದ್ರೂ ಸೆಕೆಯಿದ್ರೂ ಅದು ತಣ್ಣಗಾಗೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತಾನೇ ಕಾಯುತ್ತೆ. ನಿನ್ನ ಟೈಮರಿಗೆ ಇವತ್ತು ಸೆಕೆ ಅಂತ ಗೊತ್ತಾಗುತ್ತಾ?

— ಇಲ್ಲ. ಗೊತ್ತಾಗಲ್ಲ.

— ತಂತಿಗೆ ಗೊತ್ತಾಗುತ್ತೆ. ಅದನ್ನೇ ಕೇಳು.

— ಪಟ್ಟಿ ಎಷ್ಟು ದಪ್ಪ ಇರಬೇಕು?

— ಪಾಯಿಂಟ್ ಒನ್. ಶಿಮ್ ಡಬ್ಬಿ ಮೇಲಿನ ಅರೆಯಲ್ಲಿದೆ, ಇಳಿಸು. ಇನ್ನೊಂದು ಸಲ ಒತ್ತು, ಅದು ಎಲ್ಲಿಗೆ ಬಂದು ನಿಲ್ಲುತ್ತೆ ಅಂತ ಪೆನ್ಸಿಲ್ಲಲ್ಲಿ ಗೆರೆ ಹಾಕ್ಕೊಳ್ತೀನಿ.

— ಒತ್ತಿದೆ.

— ಹಾಂ, ಇಲ್ಲಿ. ಬಿಡು... ತಡಿ ತಡಿ, ಕೈ ಹಾಕಬೇಡ. ಇನ್ನೂ ಆರಿಲ್ಲ.